ಅಲಗಿನ ಮೇಲಿನ ಗೀರು

ನೆನೆದ ಮಸೆಗಲ್ಲಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನಾನು ನಮ್ಮ ಹಿತ್ತಲಿನ ಶೆಡ್ಡಿನೊಳಗೆ ನಿಂತುಬಿಡುತ್ತೇನೆ. ಕಲ್ಲು, ನೀರು, ಕಬ್ಬಿಣ ಬೆರೆತ ತಣ್ಣನೆಯ ವಾಸನೆ ಅದು.

ಅಪ್ಪ ಬೇಟೆಗಾರರು. ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಸುತ್ತಲಿನವರೆಲ್ಲ ಅವರನ್ನೇ ಕರೆಯುತ್ತಿದ್ದರು. ನಾಯಿಗಳು ಅಡ್ಡಗಟ್ಟಿದ ಹಂದಿಯನ್ನು ತಿವಿದು ಮುಗಿಸುವುದಕ್ಕೂ, ಆಮೇಲೆ ಶೆಡ್ಡಿನ ತೊಲೆಗೆ ನೇತುಹಾಕಿ ಬಿಡಿಸುವುದಕ್ಕೂ ಅವರ ಬಳಿ ಇದ್ದದ್ದು ಒಂದೇ ಮಚ್ಚು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಚೂಪು ಮೊನೆ, ಹಿಡಿದು ಹಿಡಿದು ನುಣುಪಾದ ಮರದ ಹಿಡಿ.

ಚಿಕ್ಕಂದಿನಿಂದ ಅವರ ಪಕ್ಕದ ಜಾಗ ನನ್ನದು. ಹಗ್ಗ ಎಳೆಯುವುದು, ಬೋಗುಣಿ ಒಡ್ಡುವುದು, ಮಚ್ಚು ತೊಳೆದು ಎಣ್ಣೆ ಸವರುವುದು ಎಲ್ಲ ನಾನೇ. ಮೂರು ವರ್ಷ ಚಿಕ್ಕವಳಾದ ತಂಗಿ ರಕ್ತ ಕಂಡರೆ ಅಮ್ಮನ ಬೆನ್ನ ಹಿಂದೆ ಅಡಗುತ್ತಿದ್ದಳು. ಆಮೇಲೆ ನಾನು ಕಾಲೇಜಿಗೆ ಹೋದೆ. ಮೊದಲ ವರ್ಷದ ಪರೀಕ್ಷೆ ಮುಗಿಸಿ ರಜೆಗೆ ಬಂದು ಶೆಡ್ಡಿಗೆ ಇಣುಕಿದರೆ, ಮಚ್ಚು ಹಿಡಿದು ನಿಂತಿದ್ದವಳು ಅವಳು.

ಹಂದಿಯ ಹಿಂಗಾಲನ್ನು ಎಡಗೈಯಲ್ಲಿ ಹೊರಳಿಸಿ, ಕೀಲು ಎಲ್ಲಿದೆಯೆಂದು ಹೆಬ್ಬೆರಳಲ್ಲಿ ಹುಡುಕಿ, ಅಲ್ಲಿ ಅಲಗಿಟ್ಟು ಒಮ್ಮೆ ಒತ್ತಿದಳು. ಕಾಲು ಬೇರೆಯಾಗಿ ಅವಳ ಕೈಗೆ ಬಂತು. ಒಂದು ಚೂರು ಮೂಳೆ ಸಿಡಿಯಲಿಲ್ಲ.

"ನೋಡಿದ್ಯಾ?" ಅಪ್ಪನ ಮುಖವೆಲ್ಲ ನಗು. "ಒಂದೇ ವರ್ಷದಲ್ಲಿ ಕಲಿತುಬಿಟ್ಲು. ನನ್ನ ಕೈಯೇ ಬಂದಿದೆ ಇವಳಿಗೆ."

ನಾನು ಒಳಗೆ ಹೋಗಿ ಎಡಗೈ ಚಾಚಿದೆ.

"ಇನ್ನೊಂದು ಕಾಲು ನಾನು ಬಿಡಿಸ್ತೀನಿ, ಇಲ್ಲಿ ಕೊಡಿ ಅಪ್ಪ."

"ನೀನು ಎಡಚಿ ಕಣೇ. ಇದು ಬಲಗೈಯವರ ಮಚ್ಚು." ಅವರು ಅಲಗು ತಿರುಗಿಸಿ ತೋರಿಸಿದರು. "ಈ ಮುಖ ಇಳಿಜಾರು, ಆ ಮುಖ ಚಪ್ಪಟೆ. ಎಡಗೈಲಿ ಹಿಡಿದ್ರೆ ಪಕ್ಕಕ್ಕೆ ಹೊರಳುತ್ತೆ. ಓದೋಳು ನೀನು, ನಿಂಗ್ಯಾಕೆ ಈ ರಕ್ತ ಗಿಕ್ತ?"

"ಅಕ್ಕಂಗೆ ಕಾಲೇಜಲ್ಲಿ ಹಂದಿ ಕೊಯ್ಯೋದು ಹೇಳ್ಕೊಡಲ್ವಂತಾ?" ಎಂದಳು ತಂಗಿ.

ಇಬ್ಬರೂ ಒಟ್ಟಿಗೆ ನಕ್ಕರು. ಮಾತು ಚುಚ್ಚಲಿಲ್ಲ, ಆ ನಗು ಒಂದೇ ಗಂಟಲಿನಿಂದ ಬಂದಂತೆ ಕೇಳಿಸಿದ್ದು ಚುಚ್ಚಿತು.

ಊಟಕ್ಕೆ ಕೂತಾಗಲೂ ಅದೇ ಕಥೆ. ಅವಳು ಕೀಲು ಹುಡುಕಿದ ರೀತಿ, ಅವಳು ಚರ್ಮ ಸುಲಿದ ರೀತಿ. ತಟ್ಟೆಯ ಎಡಕ್ಕಿದ್ದ ಚಮಚ ಎತ್ತಿಕೊಂಡು ನಾನು ಸುಮ್ಮನೆ ಕೆದಕುತ್ತಿದ್ದೆ. "ಯಾಕೇ ಮುಖ ಊದಿಸ್ಕೊಂಡಿದ್ದೀಯ, ಹಲ್ಲು ನೋವಾ?" ಎಂದರು ಅಮ್ಮ.

ಮೂರು ದಿನ ಕಳೆದ ಮೇಲೆ ಇನ್ನೊಂದು ಹಂದಿಯ ಸುದ್ದಿ ಬಂತು. ಮಧ್ಯಾಹ್ನ ಅಪ್ಪ ಮತ್ತು ತಂಗಿ ಹೆಜ್ಜೆ ನೋಡಿಕೊಂಡು ಬರಲು ಹೋದರು. ನನ್ನನ್ನು ಕರೆಯಲಿಲ್ಲ. ನಾನು ಶೆಡ್ಡಿಗೆ ಹೋಗಿ ಮಚ್ಚು ಇಳಿಸಿದೆ, ಮಸೆಗಲ್ಲಿಗೆ ನೀರು ಚಿಮುಕಿಸಿದೆ, ಅಲಗಿನ ಚಪ್ಪಟೆ ಮುಖವನ್ನು ಎಡಗೈಯಲ್ಲಿ ಮಸೆಯತೊಡಗಿದೆ. ಆ ಮುಖಕ್ಕೂ ಇಳಿಜಾರು ಬಂದರೆ ನನ್ನ ಕೈಗೆ ಒಗ್ಗುತ್ತದೆ, ನಾಳೆ ಮೊದಲ ಕಾಲು ನಾನೇ ಬಿಡಿಸಿ ತೋರಿಸುತ್ತೇನೆ ಎಂಬುದು ನನ್ನ ಲೆಕ್ಕ. ಅವಳ ಕೈಯಲ್ಲಿ ಒಮ್ಮೆಯಾದರೂ ಕೆಲಸ ಕೆಡಲಿ ಎಂಬ ಆಸೆಯೂ ಇತ್ತು. ಇಷ್ಟು ವರ್ಷದ ಮೇಲೆ ಅದನ್ನು ಮುಚ್ಚಿಟ್ಟು ಏನಾಗಬೇಕು?

ಮರುದಿನ ಬೆಳಗ್ಗೆ ಹಂದಿ ಬಂತು. ಮೊನೆಯಿಂದ ತಿವಿದು ಮುಗಿಸಿದ್ದರಿಂದ ಅಪ್ಪನಿಗೆ ಅಲಗಿನ ಬದಲಾವಣೆ ಗೊತ್ತಾಗಿರಲಿಲ್ಲ. ಹಂದಿಯನ್ನು ತೊಲೆಗೆ ಏರಿಸಿದರು. "ಮೊದಲು ನಾನು" ಎನ್ನಬೇಕೆಂದು ಬಾಯಿ ತೆರೆದೆ.

"ಶುರು ಮಾಡು ಮಗಳೇ," ಎಂದು ಅವರು ಮಚ್ಚನ್ನು ತಂಗಿಯ ಕೈಗಿತ್ತರು.

ನನ್ನನ್ನು ಅವರು ಹಾಗೆ ಕರೆದು ಎಷ್ಟೋ ದಿನವಾಗಿತ್ತು. ತಡಿ, ಅದನ್ನು ಮಸೆದಿದ್ದೇನೆ ಎನ್ನಲು ನನಗೆ ಸಮಯವಿತ್ತು. ಅವಳು ಕೀಲು ಹುಡುಕಿದಳು, ಹೆಬ್ಬೆರಳಿಟ್ಟಳು, ಅಲಗು ಹೊಂದಿಸಿದಳು. ಅಷ್ಟು ಹೊತ್ತೂ ನಾನು ಬಾಯಿ ಬಿಗಿದು ನಿಂತೆ.

ಅವಳು ಒತ್ತಿದಳು. ಅಲಗು ಕೀಲು ಬಿಟ್ಟು ಪಕ್ಕಕ್ಕೆ ಹೊರಳಿತು. ಅವಳ ಎಡಗೈ ತೋರುಬೆರಳಿನ ತುದಿ ಹೋಯಿತು.

ಕೂಗಿದ್ದು ನಾನು. ಅವಳು ಕೂಗಲಿಲ್ಲ. ಅಪ್ಪ ತಮ್ಮ ಅಂಗಿ ಬಿಚ್ಚಿ ಬೆರಳಿಗೆ ಸುತ್ತುವಾಗ ಅವಳು ಬಲಗೈಯಲ್ಲಿದ್ದ ಮಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. ಬಲಗೈಯವರು ಮಸೆದರೆ ಗೀರುಗಳು ಒಂದು ಕಡೆ ವಾಲುತ್ತವೆ. ಚಪ್ಪಟೆ ಮುಖದ ಮೇಲಿದ್ದ ಹೊಸ ಗೀರುಗಳು ಇನ್ನೊಂದು ಕಡೆ ವಾಲಿದ್ದವು. ಮನೆಯಲ್ಲಿ ಎಡಚಿ ಒಬ್ಬಳೇ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

"ಹೇಗಾಯ್ತೇ? ಮಚ್ಚಿಗೇನಾಗಿದೆ, ಕೊಡಿಲ್ಲಿ," ಎಂದರು ಅಪ್ಪ.

"ಮಚ್ಚಿಗೇನಾಗಿಲ್ಲ ಅಪ್ಪ. ಎಲ್ಲೋ ನೋಡ್ತಿದ್ದೆ, ಕೈ ಜಾರ್ತು. ನೀವು ಡಾಕ್ಟರನ್ನ ಕರ್ಕೊಂಬನ್ನಿ, ಬೇಗ."

ಅಪ್ಪ ಓಡಿದರು. ಅವಳು ಮಸೆಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸುತ್ತಿದ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಚಪ್ಪಟೆ ಮುಖವನ್ನು ಉಜ್ಜತೊಡಗಿದಳು. ಅಂಗಿಯ ಬಟ್ಟೆ ಕೆಂಪಾಗುತ್ತಿತ್ತು.

"ಬಿಡೇ, ನಾನು ಉಜ್ಜುತ್ತೀನಿ," ಎಂದೆ, ಅಳುತ್ತ.

"ನೀನು ಉಜ್ಜಿದ್ರೆ ಮತ್ತೆ ಆ ಕಡೆಗೇ ಗೀರು ಬೀಳುತ್ತೆ. ನೀರು ಹಾಕು, ಸಾಕು."

ನಾನು ನೀರು ಹಾಕಿದೆ. ಡಾಕ್ಟರ ಗಾಡಿಯ ಸದ್ದು ಕೇಳುವ ಹೊತ್ತಿಗೆ ಗೀರುಗಳೂ ನಾನು ತಂದಿದ್ದ ಇಳಿಜಾರೂ ಅಳಿಸಿದ್ದವು.

ಬೆರಳಿಗೆ ಹೊಲಿಗೆ ಬಿತ್ತು. ಉಳಿದ ಕೆಲಸವನ್ನು ಅಪ್ಪ ಒಬ್ಬರೇ ಮಾಡಿದರು. ನಡುವೆ ಒಮ್ಮೆ, "ನೀನಾದ್ರೂ ಹಿಡೀತೀಯೇನೇ, ನಿಧಾನಕ್ಕೆ ಹೇಳ್ಕೊಡ್ತೀನಿ," ಎಂದು ಹಿಡಿಯನ್ನು ನನ್ನ ಕಡೆ ಚಾಚಿದರು. ಬೇಡವೆಂದು ತಲೆಯಾಡಿಸಿದೆ.

ಸಂಜೆ ಊಟಕ್ಕೆ ಕರೆದಾಗ ನಾನು ಒಳಗೆ ಹೋಗಲಿಲ್ಲ. ತೊಳೆದ ಶೆಡ್ಡಿನಲ್ಲಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದೆ. ಒಳಗಿನಿಂದ ಅಮ್ಮ ಎರಡು ಸಲ ಕೂಗಿ ಸುಮ್ಮನಾದರು. ಆಮೇಲೆ ತಂಗಿ ಬಂದಳು. ಗೊಂಬೆಯ ತಲೆಯಷ್ಟು ದಪ್ಪ ಪಟ್ಟಿಯ ಬೆರಳನ್ನು ನೆಟ್ಟಗೆ ಮಾಡಿಕೊಂಡು ಒಂದೇ ಕೈಯಲ್ಲಿ ತಟ್ಟೆ ಹಿಡಿದಿದ್ದಳು. ನನಗಿಷ್ಟವಾದ ಪಕ್ಕೆಲುಬಿನ ತುಂಡುಗಳೇ ಇದ್ದವು.

ನನ್ನ ಮುಂದೆ ನಿಂತು ಅವಳು ತಟ್ಟೆಯನ್ನೊಮ್ಮೆ ನೋಡಿದಳು. ಪೆಟ್ಟಿಗೆಯ ತುದಿಗೆ ಅದನ್ನು ಆನಿಸಿ, ಚಮಚ ನನ್ನ ಎಡಕ್ಕೆ ಬರುವಂತೆ ತಿರುಗಿಸಿದಳು. ದಿನಾ ಅದನ್ನು ಆ ಕಡೆಗಿಡುವವರು ಅಮ್ಮ ಎಂದೇ ನಾನು ತಿಳಿದಿದ್ದೆ.

"ಆರಿಹೋಗುತ್ತೆ ಅಕ್ಕ," ಎಂದು ತಟ್ಟೆಯನ್ನು ನನ್ನ ಕೈಗಿತ್ತಳು.