ಬಣವಿ ಹೊದ್ದ ಡಾಂಬರ್ ಶೀಟು

ಮಾಳಿಗೆಯ ಕೆಸರುನೀರು ಮೊಮ್ಮಗಳ ತೊಟ್ಟಿಲಿಗೇ ತೊಟ್ಟಿಕ್ಕಿದಾಗ ಚನ್ನವ್ವನ ಪಿತ್ತ ನೆತ್ತಿಗೇರಿತು. ಬಾಣಂತಿ ಮಗಳು ಗಂಗಾ ಕೂಸನ್ನು ಎದೆಗವಚಿಕೊಂಡು ಮೂಲೆಗೆ ಸರಿದಳು. ಆ ಮೂಲೆಯೂ ಸೋರುತ್ತಿತ್ತು.

ಮಣ್ಣಿನ ಮಾಳಿಗೆ ಸೋರದೆ ಇನ್ನೇನು ಮಾಡೀತು? ಆದರೆ ಈ ಸಲ ಸೋರಬಾರದಿತ್ತು. ಮಗಳು ಹೆರಿಗೆಗೆ ಬರುವ ಮೊದಲೇ ಚನ್ನವ್ವ ತಾನೇ ಸವದತ್ತಿಗೆ ಹೋಗಿ, ಮಾಳಿಗೆಗೆ ಹಾಸುವ ದಪ್ಪ ಡಾಂಬರ್ ಶೀಟಿನ ಸುರುಳಿ ತಂದಿದ್ದಳು. "ಕೂಸು ಹುಟ್ಟೂ ಮನಿ ಮ್ಯಾಲ ಕರೀದು ಹಾಸಬಾರದು, ಅಪಶಕುನ" ಎಂದು ಗಂಡ ಕಾಡಪ್ಪ ತಡೆದಿದ್ದ. ತಡೆದವನು ಸುಮ್ಮನಿದ್ದನೇ? ಅವಳು ತಮ್ಮೂರು ಹೂಲಿ ಬಿಟ್ಟು ಆಸ್ಪತ್ರೆಯಲ್ಲಿ ಮಗಳ ಬಳಿ ಕುಳಿತಿದ್ದಾಗ, ಅದೇ ಶೀಟನ್ನು ಹಿತ್ತಲ ಬಣವಿಗೆ ಹೊದಿಸಿ, ಹಗ್ಗ ಬಿಗಿದು ಕಲ್ಲು ಹೇರಿದ್ದ. ಎತ್ತಿನ ಮೇವು, ಜೋಳದ ಕಣಿಕೆ, ಈಗ ಬೆಚ್ಚಗಿತ್ತು. ಎಂಥ ಭಾಗ್ಯ!

ಚನ್ನವ್ವ ಪಡಸಾಲೆಗೆ ನುಗ್ಗಿದಳು. "ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟಾವ್ರು ನೀವ. ಕೈಗೆ ಕರಿಮಣಿ ಕಟ್ಟಿದಾವ್ರೂ ನೀವ. ಆ ಕರೀದು ಛಲೋ, ಈ ಕರೀದು ಅಪಶಕುನ ಏನ್ರಿ?"

ಕಾಡಪ್ಪ ಎಲೆಅಡಿಕೆ ಮೆಲ್ಲುತ್ತಲೇ ಇದ್ದ. "ಒದರಬ್ಯಾಡ. ಕಣಕಿ ನೆನದ್ರ ಎತ್ತಿಗೆ ಏನ್ ಹಾಕೂದು? ಗಂಗಾ ನಾಳೆ ಗಂಡನ ಮನಿಗೆ ಹೋಗಾಕಿ. ಎತ್ತು ಇಲ್ಲೇ ಇರೂವು."

ಒಳಗೆ ಗಂಗಾಳ ಜೋಗುಳ ಅರ್ಧಕ್ಕೇ ನಿಂತಿತು. "ಅವ್ವಾ, ಮುಂಜಾನೆ ನನ್ನ ಕಳಿಸಿಬಿಡು" ಎಂದಳು. ದನಿಯಲ್ಲಿ ಅಳುವೂ ಇರಲಿಲ್ಲ.

ಚನ್ನವ್ವನ ಮೈಯೆಲ್ಲ ಉರಿದುಹೋಯಿತು. ಹೆತ್ತ ಮಗಳು ಎತ್ತಿಗಿಂತ ಕಡೆಯಾದಳಲ್ಲ! ಸೆರಗು ಬಿಗಿದು, ಕುಡುಗೋಲು ಹಿಡಿದು, ಮಳೆಯಲ್ಲೇ ಹಿತ್ತಲಿಗೆ ನಡೆದಳು. ಬಣವಿಯ ಹಗ್ಗ ಕೊಯ್ದಳು. ಕಲ್ಲುಗಳು ಉರುಳಿದವು. ಶೀಟನ್ನು ದರದರ ಎಳೆದು ನಿಚ್ಚಣಿಕೆ ಹತ್ತಿದಳು.

"ಹುಚ್ಚು ಹಿಡದೈತೇನ? ಮಂದಿ ಏನ್ ಅಂದಾರು!" ಕೆಳಗೆ ಕಾಡಪ್ಪ ಕೂಗಾಡಿದ. ಅವನ ಕಣಿಕೆ ಕಣ್ಣೆದುರೇ ನೆನೆಯುತ್ತಿತ್ತು.

ಅವಳು ತೊಟ್ಟಿಲ ನೇರಕ್ಕೆ ಶೀಟು ಹಾಸಿ, ಹಾರದಂತೆ ಅದರ ಮೇಲೆ ಕೂತಳು. "ವರ್ಷಾ ವರ್ಷಾ ಬುಟ್ಟೀಲೆ ಈ ಮಾಳಿಗಿಗೆ ಮಣ್ಣು ಹೊತ್ತಾಕಿ ನಾನು. ಒಂದ್ ಬುಟ್ಟಿ ನೀವು ಹೊತ್ತೀರೇನ? ಇದರ ಕೆಳಗ ಯಾರು ಇರಬೇಕು ಅನ್ನೂದು ನಾ ಹೇಳತೇನಿ. ಆ ಕಲ್ಲು ಮ್ಯಾಲ ಕೊಡ್ರಿ."

ಕಾಡಪ್ಪ ಬಣವಿ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಬಗ್ಗಿ ಕಲ್ಲು ಎತ್ತಿಕೊಂಡ.

"ಗಂಗಾ," ಚನ್ನವ್ವ ಬೆಳಕಿಂಡಿಯಿಂದ ಒಳಗೆ ಕೂಗಿದಳು, "ತೊಟ್ಟಿಲಾ ಒರಸು. ನೀ ಎಲ್ಲಿಗೂ ಹೋಗೂದಿಲ್ಲ."