ಯಾವ ಸೊಂಟ?

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನನ್ನ ಕೆಲಸ ನೇರ. ಡಾಕ್ಟರು ಬರೆದ ಕಾಯಿಲೆ ಓದಿ, ಪಟ್ಟಿಯಲ್ಲಿ ಅದಕ್ಕಿರುವ ಸಂಖ್ಯೆ, ಅಂದರೆ ಕೋಡ್, ಹಾಕಬೇಕು. ಬರೆಯದೆ ಬಿಟ್ಟದ್ದನ್ನು ಊಹಿಸುವಂತಿಲ್ಲ. ಒಂಬತ್ತು ವರ್ಷದಿಂದ ಏನೂ ಊಹಿಸದೆ ಒಂದೇ ಕುರ್ಚಿ ಸವೆಸಿದ್ದೇನೆ.

ಸೋಮವಾರ ಬೆಳಿಗ್ಗೆ, ಹಿಂದಿನ ವಾರದ ಫೈಲುಗಳನ್ನು ಮತ್ತೊಮ್ಮೆ ನೋಡುತ್ತಿದ್ದೆ. ಒಂದು ಫೈಲು ಎಪ್ಪತ್ತೆಂಟು ವರ್ಷದ ಅಜ್ಜಿಯದು. ಶುಕ್ರವಾರ ಬಚ್ಚಲಲ್ಲಿ ಜಾರಿ ಬಿದ್ದು ತುರ್ತು ವಿಭಾಗಕ್ಕೆ ಬಂದು, ಸೊಂಟ ನೋವು ಎಂದಿದ್ದರು. ಡಾಕ್ಟರು 'ಬೆನ್ನಿನ ಕೆಳಭಾಗದ ನೋವು' ಎಂದು ಬರೆದು, ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಿ, ಏನೂ ಮುರಿದಿಲ್ಲವೆಂದು ಮಾತ್ರೆ ಕೊಟ್ಟು ಕಳಿಸಿದ್ದರು. ಬೆನ್ನುನೋವಿನ ಕೋಡ್ ಹಾಕಿದವಳು ನಾನೇ. ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಮುಚ್ಚುವಾಗ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ನರ್ಸ್ ಬರೆದಿದ್ದರು: 'ಎಡಗಾಲು ಎತ್ತಲಾಗುತ್ತಿಲ್ಲ. ಪಾದ ತುಸು ಹೊರಗೆ ವಾಲಿದೆ.'

ತೊಡೆಮೂಳೆ ಸೊಂಟದ ಕೀಲಿನ ಹತ್ತಿರ ಮುರಿದವರ ಫೈಲುಗಳಲ್ಲಿ ಇದೇ ಮಾತನ್ನು ನೂರಾರು ಸಲ ಓದಿದ್ದೇನೆ. ನಮ್ಮ ಬಾಯಲ್ಲಿ ಬೆನ್ನಿನ ಬುಡವೂ ಸೊಂಟವೇ, ಕಾಲು ಬಂದು ಕೂಡುವ ಕೀಲೂ ಸೊಂಟವೇ. ಅಜ್ಜಿ ಒಂದನ್ನು ಹೇಳಿದ್ದರು, ಡಾಕ್ಟರು ಇನ್ನೊಂದನ್ನು ಕೇಳಿಸಿಕೊಂಡಿದ್ದರು.

ಮೇಲಧಿಕಾರಿಯ ಹತ್ತಿರ ಓಡಿದೆ. ಅವರಿಗೆ ನಾವಿಟ್ಟ ಹೆಸರು ಪೂರ್ಣವಿರಾಮ. ಅವರು ಬಾಯಿಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು.

"ಡಾಕ್ಟರಿಗೆ ಪ್ರಶ್ನೆ ಚೀಟಿ ಕಳ್ಸಮ್ಮ. ಒಂದು ವಾರದಲ್ಲಿ ಉತ್ತರ ಬರುತ್ತೆ."

"ಅಷ್ಟರಲ್ಲಿ ಅಜ್ಜಿ ಗತಿ ಏನ್ ಸರ್?"

"ನೀನು ಕೋಡ್ ಹಾಕೋಳು. ಡಾಕ್ಟರ್ ಆಗೋಕೆ ಹೋಗ್ಬೇಡ."

ಖಾಲಿ ಪ್ರಶ್ನೆ ಚೀಟಿ ಹಿಡಿದು ಬಂದು ಕೂತೆ. ಎದ್ದೆ. ನೀರು ಕುಡಿದು ಮತ್ತೆ ಕೂತೆ. ಮುಂದಿನ ಫೈಲಿನ ಬಾಣಂತಿಗೆ ಗಂಡಸರ ಕಾಯಿಲೆಯ ಕೋಡ್ ಹಾಕಿ, ನಾಲಿಗೆ ಕಚ್ಚಿಕೊಂಡು ಅಳಿಸಿದೆ. ನನ್ನ ಅನುಮಾನ ತಪ್ಪಾದರೆ ಕೆಲಸಕ್ಕೆ ಕುತ್ತು. ಸರಿಯಾಗಿದ್ದರೆ ಎಂಬುದೇ ಹೆಚ್ಚು ಭಯ ಹುಟ್ಟಿಸಿತು. ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿಯೇ ಬಿಟ್ಟೆ.

ಮಗಳು ಎತ್ತಿಕೊಂಡರು. ಆಸ್ಪತ್ರೆಯಿಂದ ಎಂದು ಹೇಳಿ, ಅಜ್ಜಿ ಹೇಗಿದ್ದಾರೆಂದು ಕೇಳಿದೆ. "ಅಮ್ಮಂದು ಭಾರೀ ಹಟ ಮೇಡಂ. ಮುರಿದಿಲ್ಲ, ನಡೆಸಿ ಅಂತ ಡಾಕ್ಟರೇ ಬರೆದುಕೊಟ್ಟಿದಾರೆ. ನಾನೂ ನಮ್ಮ ಯಜಮಾನ್ರೂ ತೋಳು ಹಿಡ್ಕೊಂಡು ನಡೆಸ್ತಾ ಇದೀವಿ. ಕಾಲೇ ಊರಲ್ಲ, ಬರೀ ನಾಟಕ."

ಹಿಂದಿನಿಂದ ಅಜ್ಜಿಯ ಕೂಗು ಕೇಳಿಸಿತು.

"ನಡೆಸ್ಬೇಡಿ! ಮಲಗಿಸಿ, ಕಾಲು ಅಲುಗಾಡಿಸ್ಬೇಡಿ. ಆಂಬುಲೆನ್ಸ್ ಕರೆಸ್ಕೊಂಡು ಈಗ್ಲೇ ಬನ್ನಿ."

"ನೀವು ಡಾಕ್ಟರಾ?"

"ಅಲ್ಲ. ತಪ್ಪು ಬರೆದೋಳು."

ಅವರು ಬರುವ ತನಕ ತುರ್ತು ವಿಭಾಗದ ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಸ್ಟ್ರೆಚರ್ ಒಳಗೆ ಬಂತು. ಅದೇ ಡಾಕ್ಟರು.

"ಎಲ್ಲಿ ನೋವು ಅಜ್ಜಿ?"

"ಸೊಂಟ ಅಂತ ಅವತ್ತೇ ಹೇಳಿದ್ನಲ್ಲಪ್ಪ."

"ಕೈಯಿಟ್ಟು ತೋರಿಸಿ ಅಜ್ಜಿ," ಎಂದು ನಾನು ನಡುವೆ ಬಾಯಿ ಹಾಕಿದೆ. ಅವರ ಕೈ ಬೆನ್ನಿನ ಕಡೆ ಹೋಗಲೇ ಇಲ್ಲ. ಎಡ ತೊಡೆಯ ಸಂದಿಗೆ ಹೋಗಿ ನಿಂತಿತು. ಡಾಕ್ಟರು ತಕ್ಷಣ ಆ ಕೀಲಿನ ಎಕ್ಸ್‌ರೇಗೆ ಬರೆದರು.

ಎಕ್ಸ್‌ರೇ ನೋಡಿದ ಮೂಳೆತಜ್ಞರು ಹೇಳಿದರು: "ಶುಕ್ರವಾರ ಬಹುಶಃ ಬರೀ ಬಿರುಕಿತ್ತು. ಸ್ಕ್ರೂ ಹಾಕಿದ್ರೆ ಸಾಕಾಗ್ತಿತ್ತೇನೋ. ಈಗ ಮೂಳೆ ಜರುಗಿದೆ. ಕೀಲೇ ಬದಲಾಯಿಸ್ಬೇಕು."

ಮಗಳು ತಮ್ಮೆರಡು ಅಂಗೈ ನೋಡಿಕೊಳ್ಳುತ್ತ ಗೋಡೆಗೆ ಒರಗಿದರು. ನನಗೆ ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ. ಹೊರಟವಳ ಸೆರಗನ್ನು ಅಜ್ಜಿ ಹಿಡಿದುಕೊಂಡರು.

"ಫೋನ್ ಮಾಡಿದ್ದು ನೀನೇನಮ್ಮ? ಬರೆಯೋ ಕೆಲಸವಂತೆ ನಿಂದು?"

"ಹೌದಜ್ಜಿ."

"ಹಾಗಾದ್ರೆ ನಾನು ನಾಟಕ ಆಡ್ಲಿಲ್ಲ ಅಂತ ಒಂದು ಚೀಟಿ ಬರೆದುಕೊಡು. ಬಾಯಲ್ಲಿ ಹೇಳಿದ್ರೆ ನನ್ನ ಮಗಳು ನಂಬಲ್ಲ."

ಕೈಯಲ್ಲೇ ಉಳಿದಿದ್ದ ಪ್ರಶ್ನೆ ಚೀಟಿಯನ್ನು ಮಗುಚಿ, ಕೋಡ್ ಇಲ್ಲದೆ, ಬಿಡಿ ಅಕ್ಷರದಲ್ಲಿ ಬರೆದೆ: ಶುಕ್ರವಾರದಿಂದಲೂ ಇವರು ಹೇಳಿದ್ದು ನಿಜ. ಕೆಳಗೆ ಸಹಿ ಹಾಕಿ ಮಗಳ ಕಡೆ ಚಾಚಿದೆ. ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತೆಗೆದುಕೊಳ್ಳದೆ ನಿಂತೇ ಇದ್ದರು.