ಬಾಯಿಲ್ಲದ ಗುಂಡು

“ಇದಲ್ಲ ಅತ್ತಿಗೆ.” ಮೇಸ್ತ್ರಿ ಗಾಜಿನ ಹೂಜಿಯನ್ನು ತಿರುಗಿಸಿ ನೋಡಿ ಊದಣ್ಣನ ಹೆಂಡತಿಯ ಕೈಗೇ ವಾಪಸ್ಸಿಟ್ಟ. “ಇದು ನಾನು ಊದಿದ್ದು. ನನ್ನ ಸೊಟ್ಟ ಹಿಡಿಕೆ ನನಗೆ ಗೊತ್ತಾಗಲ್ವಾ? ಬದುಕಿರೋವಾಗಲೇ ನನ್ನ ಲೆಕ್ಕ ಮುಗಿಸ್ತೀರಾ?”

ಊದಣ್ಣನನ್ನು ಮಣ್ಣು ಮಾಡಿ ನೇರ ಗಾಜಿನ ಕಾರ್ಖಾನೆಗೆ ಬಂದಿದ್ದ ಜನ ಅಳುವ ಹೊತ್ತಲ್ಲೂ ನಕ್ಕರು. ಅವನ ಹೆಂಡತಿ ನಗಲಿಲ್ಲ. ಗಾಜು ಊದುವವನೊಬ್ಬ ಹೋದರೆ, ಅವನು ಊದಿದ್ದೊಂದನ್ನು ಒಡೆದು, ಚೂರುಗಳನ್ನು ಕಾದ ಗಾಜಿಗೆ ಸೇರಿಸಿ ಹೊಸದೊಂದನ್ನು ಊದುವುದು ಅಲ್ಲಿನ ರೂಢಿ. ಗಂಡ ಊದಿದ್ದರಲ್ಲಿ ಅವಳ ಬಳಿ ಉಳಿದಿದ್ದು ಒಂದೇ, ಪುಟ್ಟ ಗಾಜಿನ ಗುಂಡು. ಅದು ಕೈಚೀಲದಲ್ಲೇ ಇತ್ತು. ಅದನ್ನು ಕೊಡಲು ಮನಸ್ಸಿಲ್ಲದೆ ಹೂಜಿ ನೀಡಿದ್ದಳು. ಗುಂಡಿನೊಳಗೆ ಅವನ ಉಸಿರಿತ್ತು.

“ಪಾಪ, ಈ ಕುಲುಮೆ ಹೊಗೆನೇ ತಿಂದುಹಾಕ್ತು,” ಎಂದಳು ಪಕ್ಕದ ಮನೆಯವಳು.

“ಹೊಗೆ ಅಲ್ಲ ಕಣೇ, ವಯಸ್ಸು. ಎಪ್ಪತ್ತು ದಾಟಿ, ನಿದ್ದೆಯಲ್ಲಿ ಹೋದರು,” ಎಂದಳು ಊದಣ್ಣನ ಹೆಂಡತಿ.

*

ನಲವತ್ತಕ್ಕೇ ಹೋಗಬೇಕಿದ್ದ ಜೀವ. ಚಳಿಗಾಲ ಬಂತೆಂದರೆ ಜ್ವರ, ಎದೆ ತುಂಬ ಕಫ. ಎಲ್ಲರೂ ಕುಲುಮೆಗೆ ಶಾಪ ಹಾಕಿದರು. ಕೆಲಸ ಹೋದೀತೆಂದು ಅವನು ಕೆಮ್ಮು ನುಂಗಿಕೊಂಡ. ಅವಳೇ ರಂಪ ಮಾಡಿ ದೊಡ್ಡಾಸ್ಪತ್ರೆಗೆ ಎಳೆದೊಯ್ದಳು.

“ಕುಲುಮೆ ತಪ್ಪಲ್ಲ,” ಎಂದರು ಡಾಕ್ಟರಮ್ಮ ಸ್ಕ್ಯಾನ್ ನೋಡಿ. “ಎಡಗಡೆ ಶ್ವಾಸಕೋಶದ ಕೆಳಗೆ ಹುಟ್ಟಿನಿಂದಲೇ ಬೇರೆಯಾಗಿ ಬೆಳೆದ ತುಂಡೊಂದಿದೆ. ಉಸಿರಿನ ಕೊಳವೆಗೆ ಸೇರಿಕೊಂಡೇ ಇಲ್ಲ. ರಕ್ತ ಕುಡ್ಕೊಂಡು, ಸೋಂಕು ಸಾಕ್ಕೊಂಡು ಕೂತಿದೆ.”

“ಬಾಡಿಗೆ ಕೊಡದೆ ಕೂತಿದ್ದಾನೆ ಅನ್ನಿ. ಕತ್ತರಿಸಿ ತೆಗೆದರೆ ಮತ್ತೆ ಊದ್ತೀನಾ?”

“ಬಿಟ್ಟರೆ ಕಷ್ಟ. ತೆಗೆದರೆ ಉಳಿದಿದ್ದು ಊದೋಕೆ ಸಾಕು.”

ಆಪರೇಷನ್ ಆಗಿ, ತಿಂಗಳುಗಟ್ಟಲೆ ಕಾದು, ಮೊದಲ ಸಲ ಗಾಜು ಊದುವ ಕೊಳವೆಗೆ ಬಾಯಿಟ್ಟಾಗ ಊದಿದ್ದೇ ಆ ಗುಂಡು. ಅದರ ಬಾಯನ್ನು ಗಾಜಿನಿಂದಲೇ ಮುಚ್ಚಿಸಿ ಮನೆಗೆ ತಂದಿದ್ದ. “ತಗೋ, ನೀನು ರಂಪ ಮಾಡಿ ಉಳಿಸಿದ ಉಸಿರು.”

*

ಅವಳು ಕೈಚೀಲದಿಂದ ಗುಂಡನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಸುತ್ತ ತಿರುಗಿಸಿದರೂ ಒಳಗಿನ ಉಸಿರಿಗೆ ಹೊರಬರಲು ಒಂದು ಸಣ್ಣ ದಾರಿಯಿಲ್ಲ. ಅವನೆದೆಯಲ್ಲಿದ್ದ ಆ ತುಂಡಿನ ಹಾಗೆ ಇದೂ ಇಷ್ಟು ವರ್ಷ ಕೂತಿತ್ತಲ್ಲಾ ಎಂದುಕೊಂಡಳು.

“ಬೇಡ ಅನ್ಸಿದರೆ ಬಿಡಿ ಅತ್ತಿಗೆ,” ಎಂದ ಮೇಸ್ತ್ರಿ ಮೆಲ್ಲಗೆ.

“ಕೊಡ್ತೀನಿ. ಆದರೆ ಊದೋದು ನಾನು. ನಿಮಗೆ ಬಿಟ್ಟರೆ ಇದೂ ಸೊಟ್ಟ ಆಗುತ್ತೆ.”

ಅವಳೇ ಒಡೆದಳು. ಮೇಸ್ತ್ರಿ ಕೊಳವೆಯ ತುದಿಯ ಕೆಂಡದಂಥ ಗಾಜನ್ನು ಚೂರುಗಳ ಮೇಲೆ ಹೊರಳಿಸಿ, ಮತ್ತೆ ಕಾಯಿಸಿ, ಇನ್ನೊಂದು ತುದಿಯನ್ನು ಅವಳ ಬಾಯಿಗೆ ಹಿಡಿದ. ಅವಳು ಊದಿದಳು. ಕೆನ್ನೆ ಉಬ್ಬಿತೇ ಹೊರತು ಗಾಜು ಅಲುಗಲಿಲ್ಲ.

“ಕೆನ್ನೆಯಿಂದ ಅಲ್ಲ, ಎದೆಯಿಂದ.”

ಅವಳು ಕಣ್ಣು ಮುಚ್ಚಿ, ಎದೆತುಂಬ ಗಾಳಿ ಎಳೆದುಕೊಂಡು ಬಿಟ್ಟಳು. ಅತ್ತ ತುದಿಯಲ್ಲಿ ಗಾಜು ನಿಂಬೆಹಣ್ಣಿನಷ್ಟು ಉಬ್ಬಿತು.

“ನಿಲ್ಲಿಸಬೇಡಿ ಅತ್ತಿಗೆ!”

ಅವಳು ಮೂಗಿನಲ್ಲೇ ಉಸಿರೆಳೆದುಕೊಂಡು ಮತ್ತೆ ಊದಿದಳು.